ಹುಳುಮನೆಯಲ್ಲಿ ಅರವತ್ತು ಗಿಗಾಹರ್ಟ್ಸ್

ಕೆಂಚಮ್ಮ ಬೊಗಸೆ ತುಂಬ ಹುಳು ಎತ್ತಿ ಕರಿಯ ಮೊನಚುಗಳ ಮೇಲೆ ಸುರಿದಳು. ಸುರಿದದ್ದನ್ನು ಬೆರಳ ತುದಿಯಿಂದ ಬಿಡಿಸಿ ಬಿಡಿಸಿ ಹರಡಿದಳು. ಮತ್ತೆ ತಟ್ಟೆಗೆ ಬಗ್ಗಿದಳು, ಮತ್ತೆ ಎತ್ತಿದಳು.

"ಅತ್ತೆ," ಎಂದ, ಬಾಗಿಲಲ್ಲಿ ನಿಂತಿದ್ದ ಕಬ್ಬಾಳೇಗೌಡ.

"ಚಪ್ಲಿ ಆಚೆ ಬುಡು."

"ಅತ್ತೆ, ಅವು ನನ್ನವು."

"ನಿನ್ನವೇ ಕಣಪ್ಪ, ಯಾರು ಇಲ್ಲ ಅಂದ್ರು? ಮೊದ್ಲು ಕಾಲು ತೊಳ್ಕಂಡು ಬಾ. ಸುಣ್ಣದ ನೀರು ಬಕೀಟಲ್ಲೈತೆ."

ಕಬ್ಬಾಳೇಗೌಡ ಹೋಗಿ ಕಾಲು ತೊಳೆದುಕೊಂಡ. ಕೆಂಚಮ್ಮನ ಹುಳುಮನೆಗೆ ಬೆಂಕಿಯೇ ಬಿದ್ದರೂ ಆರಿಸಲು ಬಂದವರು ಕಾಲು ತೊಳೆದೇ ಒಳಗೆ ಹೋಗಬೇಕು. ಅವನ ಕಂಕುಳಲ್ಲಿ ಬೆಳಿಗ್ಗೆ ಚನ್ನಪಟ್ಟಣದಿಂದ ತಂದ ಮರದ ಸ್ಟ್ಯಾಂಡು ಇತ್ತು. ಅದನ್ನು ಕೆಳಗಿಡಲೂ ತೋಚದೆ ಒಂಟಿ ಕಾಲಲ್ಲಿ ನಿಂತು ಇನ್ನೊಂದನ್ನು ಬಕೆಟ್ಟಿನಲ್ಲಿ ಅದ್ದಿದ. ಕಣ್ಣು ಮಾತ್ರ ಕಿಟಕಿಯಲ್ಲೇ ನೆಟ್ಟಿತ್ತು. ಒಳಗೆ ನೆಲದ ತುಂಬ ಅವನ ನಲವತ್ತೆಂಟು ಕರಿಯ ಸ್ಪಂಜಿನ ಹಲಗೆಗಳು. ಅವುಗಳ ಮೇಲೆ ಹಳದಿಗೆ ತಿರುಗಿದ, ಬೆರಳುದ್ದದ ರೇಷ್ಮೆ ಹುಳುಗಳು. ಎಂಟೊಂಬತ್ತು ಸಾವಿರವಾದರೂ ಇದ್ದವು.

ಕಬ್ಬಾಳೇಗೌಡನಿಗೆ ಮೂವತ್ನಾಲ್ಕು ವರ್ಷ. ಪಿಎಚ್.ಡಿ.ಗೆ ಸೇರಿ ಆರು ವರ್ಷ. ಈ ಆರು ವರ್ಷದಲ್ಲಿ ಜಿಲ್ಲೆಯ ನಾಲ್ಕು ತಾಲ್ಲೂಕಿನ ಜನ ಸಭೆ ಸೇರಿ ಮಾತಾಡಿಕೊಂಡವರ ಹಾಗೆ ಅವನನ್ನು ಒಂದೇ ಪ್ರಶ್ನೆ ಕೇಳುತ್ತ ಬಂದಿದ್ದರು: ಇನ್ನೂ ಓದ್ತಾ ಇದ್ದೀಯಾ? ಕನಕಪುರದ ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ ಹರಿಯುತ್ತ ಕೇಳಿದ್ದ. ಮಾಗಡಿ ಕಡೆಯ ತಿಪ್ಪಸಂದ್ರಕ್ಕೆ ಹೆಣ್ಣು ನೋಡಲು ಹೋದಾಗ ಹೆಣ್ಣಿನ ತಂದೆ ಉಪ್ಪಿಟ್ಟಿನ ತಟ್ಟೆ ಕೈಗೆ ಕೊಟ್ಟು ಕೇಳಿದ್ದರು. ಉತ್ತರ ಕೇಳಿದ ಮೇಲೆ ಕಾಫಿ ತರಿಸಲೇ ಇಲ್ಲ. ಆ ಹುಡುಗಿಯ ಮಗ ಈಗ ಯುಕೆಜಿ. ಅವನೂ ಒಂದು ದಿನ ಎದುರಿಗೆ ಸಿಕ್ಕು ಕೇಳಿಯಾನು ಎಂಬುದು ಕಬ್ಬಾಳೇಗೌಡನ ಗುಟ್ಟಿನ ಭಯ. ಇವತ್ತು ಬೆಳಿಗ್ಗೆ ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ಹುಸೇನ್ ಸಾಬರು, ಸ್ಟ್ಯಾಂಡಿಗೆ ಯಾರೂ ಹೇಳದಿದ್ದರೂ ಕೆಂಪು ಹಸಿರು ಅರಗಿನ ಪಟ್ಟೆ ಎಳೆದು ಕೊಟ್ಟವರು, ಸಾಮಾನು ಕಾಗದದಲ್ಲಿ ಸುತ್ತುತ್ತ ಕೇಳಿದ್ದರು. "ನಾಳೆಗೆ ಮುಗೀತದೆ," ಎಂದು ಹೇಳಿ ಬಂದಿದ್ದ. ಆರು ವರ್ಷದಲ್ಲಿ ಮೊದಲ ಸಲ ಆ ಮಾತು ಆಡಿದ್ದ.

ಅವನ ಸಂಶೋಧನೆ ಒಂದು ಲಾಳಿಕೆಯದು. ಸೀಮೆಎಣ್ಣೆ ಸುರಿಯಲು ಇಡುತ್ತಾರಲ್ಲ, ಆ ಆಕಾರದ್ದೇ; ಆದರೆ ಹಿತ್ತಾಳೆಯದು, ಬೆಂಕಿಪೊಟ್ಟಣದಷ್ಟು. ಅದರ ಬಾಲದಲ್ಲಿ ಒಂದು ಚಪ್ಪಟೆ ಕೊಳವೆ, ಅಕ್ಕಿಕಾಳು ಅಡ್ಡವಾದರೆ ಸಿಕ್ಕಿಕೊಳ್ಳುವಷ್ಟು ಸಣ್ಣದು. ಕೊಳವೆಯ ಹೆಸರು ವೇವ್‌ಗೈಡ್, ಲಾಳಿಕೆಯ ಹೆಸರು ಹಾರ್ನ್ ಆಂಟೆನಾ. ಸೆಕೆಂಡಿಗೆ ಆರು ಸಾವಿರ ಕೋಟಿ ಸಲ, ಅಂದರೆ ಅರವತ್ತು ಗಿಗಾಹರ್ಟ್ಸಿನಲ್ಲಿ, ಆಡುವ ಮೈಕ್ರೋವೇವ್ ಅಲೆ ಆ ಕೊಳವೆಯಲ್ಲಿ ಬಂದು ಈ ಲಾಳಿಕೆಯ ಬಾಯಿಂದ ಹೊರಟು ನೇರ ಎದುರಿಗೇ ಹೋಗಬೇಕು, ಅಕ್ಕಪಕ್ಕಕ್ಕೆ ಸೋರಬಾರದು. ಸೋರದಿರಲೆಂದು ಕಬ್ಬಾಳೇಗೌಡ ಲಾಳಿಕೆಯ ಒಳಮೈಯಲ್ಲಿ ಸುತ್ತಲೂ ಹದಿನಾಲ್ಕು ಗೀರು ತೆಗೆದಿದ್ದ. ಗೀರು ಎಷ್ಟು ಆಳ, ಎಷ್ಟು ಅಗಲ, ಎಷ್ಟು ದೂರಕ್ಕೊಂದು ಎಂದು ಗೊತ್ತುಮಾಡುವುದಕ್ಕೇ ಆರು ವರ್ಷ ಹಿಡಿದಿತ್ತು.

ಸೋರಿಕೆ ಅಳೆಯುವುದು ಹುಡುಗಾಟವಲ್ಲ. ಗೋಡೆಗೆ ಬಡಿದ ಅಲೆ ಹಿಂದಿರುಗಿ ಬಂದು ಲೆಕ್ಕ ಕೆಡಿಸುತ್ತದೆ. ಅದಕ್ಕೇ ಸುತ್ತಲೂ ಈ ಕರಿಯ ಹಲಗೆಗಳು. ಎರಡಡಿ ಚೌಕ, ಮೈತುಂಬ ಗೋಪುರದಂಥ ಮೊನಚುಗಳು. ಮೈಮೇಲೆ ಬಿದ್ದ ಅಲೆಯನ್ನು ನುಂಗಿ ಸುಮ್ಮನಾಗುತ್ತವೆ. ಅವನ ಕಾಲೇಜಿನಲ್ಲಿ ಇಂಥ ಕೋಣೆ ಇರಲಿಲ್ಲ. ಬೆಂಗಳೂರಿನ ಸಂಸ್ಥೆಯೊಂದರಲ್ಲಿ ಇತ್ತು; ಅಲ್ಲಿ ದಸರಾ ಕಳೆಯುವವರೆಗೆ ಸರದಿ. ಕೊನೆಗೆ ಅವನ ಗೈಡು ಕಾಲೋ ಕೈಯೋ ಹಿಡಿದು ಹಲಗೆಗಳನ್ನೂ ಅಳೆಯುವ ಯಂತ್ರವನ್ನೂ ಹತ್ತು ದಿನಕ್ಕೆ ಎರವಲು ತಂದಿದ್ದರು. ದಪ್ಪ ಗೋಡೆ, ಒಂದೂ ಕಬ್ಬಿಣದ ಸಾಮಾನಿಲ್ಲದ ಕೋಣೆ ಎಂದರೆ ಕೈಲಾಂಚದಲ್ಲಿ ಸೋದರತ್ತೆ ಕೆಂಚಮ್ಮನ ಹುಳುಮನೆಯ ಪಕ್ಕದ ಖಾಲಿ ಕೋಣೆ. ನಿನ್ನೆ ತಂದು ಅಲ್ಲಿ ಪೇರಿಸಿದ್ದ. ನಾಳೆ ಹೊರಗಿನ ಪರೀಕ್ಷಕರು ಬಂದು ತಮ್ಮ ಕಣ್ಣೆದುರೇ ಅಳೆಸಿ ಸಹಿ ಹಾಕಬೇಕು. ನಾಡಿದ್ದಿಗೆ ಅವನ ನೋಂದಣಿಯ ಕೊನೆಯ ವಿಸ್ತರಣೆ ಮುಗಿಯುತ್ತಿತ್ತು. ಸಹಿ ಇಲ್ಲದಿದ್ದರೆ ಆರು ವರ್ಷ ಹೋಯಿತು.

"ಇದು ನೇತ್ರಿಕೆ ಅಲ್ಲ ಅತ್ತೆ," ಎಂದ, ತೊಳೆದ ಕಾಲಲ್ಲಿ ಒಳಗೆ ಬಂದು.

ನೇತ್ರಿಕೆ ಎಂದರೆ ಏರಿಳಿತವಾಗಿ ಮಡಿಸಿದ ಪ್ಲಾಸ್ಟಿಕ್ ಹಾಳೆ. ಸೊಪ್ಪು ತಿನ್ನುವುದು ಬಿಟ್ಟು ನೂಲಿಗೆ ನಿಂತ ಹುಳುವನ್ನು ಹಣ್ಣಾಯಿತು ಅನ್ನುತ್ತಾರೆ. ಹಣ್ಣಾದ ಹುಳುವನ್ನು ಅದರ ಮೇಲೆ ಬಿಟ್ಟರೆ ಸಂದಿ ಹಿಡಿದು ಕೂತು ಗೂಡು ಕಟ್ಟುತ್ತದೆ. ಬಿದಿರಿನ ಚಂದ್ರಿಕೆ ಮಾಡುವ ಕೆಲಸವೂ ಅದೇ.

"ಅಲ್ದೆ ಇನ್ನೇನ್ಲಾ?" ಕೆಂಚಮ್ಮ ತಲೆ ಎತ್ತಲಿಲ್ಲ. "ರೇಷ್ಮೆ ಇಲಾಖೆಯೋರು ಕೊಟ್ಟಿದ್ದು ಬರೀ ಪ್ಲಾಸ್ಟಿಕ್ಕು. ಇದು ಹೊಸ ಮಾಡೆಲ್ಲು, ಒಸಿ ಮೆತ್ತಗೈತೆ. ಬಿಸ್ಲು ಜಾಸ್ತಿಯಾಗಿ ಒಂದಿನ ಮುಂಚೇನೇ ಹಣ್ಣಾಗ್ಬುಟ್ಟವು. ಪಕ್ಕದ್ಮನೆ ಮಾಯಮ್ಮ ಚಂದ್ರಿಕೆ ಕೊಡ್ತೀನಿ ಅಂದಿದ್ಲು, ಅವಳವೂ ಇವತ್ತೇ ಹಣ್ಣಾಗವೆ. ನಿಮ್ಮಾವ ಟಿವಿಎಸ್ ತಕಂಡು ಊರೂರು ಸುತ್ತಾವ್ರೆ. ನಾನು ತಲೆ ಮೇಲೆ ಕೈ ಹೊತ್ಕಂಡು ಕೂತಿದ್ದೆ. ಈ ಕೋಣೆ ಬಾಗ್ಲು ತೆಗೀತೀನಿ, ಇವು ಅಲ್ಲೇ ಬಿದ್ದವೆ. ಹುಡ್ಗ ಹೇಳ್ದೆ ಕೇಳ್ದೆ ಅತ್ತೆಗೆ ಅಂತ ತಂದವ್ನೆ, ಬಾಯಲ್ಲಿ ಹೇಳ್ಕಳಕ್ಕೆ ನಾಚ್ಕೆ ಅಂದ್ಕಂಡೆ."

"ಇವು ಬೆಂಗಳೂರಿನವು. ನಾಳೆ ಬೇಕು. ಎತ್ತಿಬಿಡಿ ಅತ್ತೆ."

"ಏನು ಎತ್ಲಿ?"

"ಹುಳನ."

ಕೆಂಚಮ್ಮ ಈಗ ತಲೆ ಎತ್ತಿದಳು. ಹೆತ್ತ ಮಗುವನ್ನು ತೊಟ್ಟಿಲಿಂದ ಎತ್ತಿ ಬಚ್ಚಲಿಗೆ ಹಾಕು ಎಂದವನನ್ನು ನೋಡುವ ಹಾಗೆ ನೋಡಿದಳು. "ಕಾಲು ಊರಿ ನೂಲು ಹಿಡ್ದವೆ. ಈಗ ಕಿತ್ರೆ ಅಲ್ಲಿಗೆ ಸರಿ. ಐದು ದಿನ ಈ ಕಡೆ ತಲೆ ಹಾಕಂಗಿಲ್ಲ. ಮಾತು ಮೆತ್ತಗೆ ಆಡು."

ಅವನು ಮೆತ್ತಗೆ ಕೇಳಿದ, "ಅಡಿಯಲ್ಲಿ ಒದ್ದೆ ಯಾಕಿದೆ?"

"ಗೂಡು ಕಟ್ಟೋಕೆ ಮುಂಚೆ ಒಂದ್ಕಿತ ಉಚ್ಚೆ ಉಯ್ತವೆ. ಅದ್ಕೇ ಪೇಪರ್ ಹಾಸಿವ್ನಿ. ನಿಂದೇ ಕಟ್ಟು ಮೂಲೇಲಿತ್ತಲ್ಲ."

ಕಬ್ಬಾಳೇಗೌಡ ಬಗ್ಗಿ ನೋಡಿದ. ಅವನ ಪ್ರಬಂಧದ ಮೂರನೆಯ ಅಧ್ಯಾಯ. ಅದರ ಇನ್ನೊಂದು ಪ್ರತಿ ಇತ್ತು, ಅದಕ್ಕೆ ಅಳು ಬರಲಿಲ್ಲ. ಆದರೆ ಗೈಡು ಆರು ವರ್ಷದಲ್ಲಿ ಆ ಅಧ್ಯಾಯದ ಬಗ್ಗೆ ಒಂದು ಅಭಿಪ್ರಾಯವನ್ನೂ ಹೇಳಿರಲಿಲ್ಲ. ಹುಳುಗಳು ಒಂದೇ ಮಧ್ಯಾಹ್ನದಲ್ಲಿ ಹೇಳಿದ್ದವು.

ಹಿತ್ತಲಿಗೆ ಹೋಗಿ ಗೈಡಿಗೆ ಫೋನು ಮಾಡಿದ. ಗೈಡು ಎಲ್ಲವನ್ನೂ ಕೇಳಿಕೊಂಡು, "ಹುಳ ಅಂದ್ರೆ ಯಾವ ಥರದ್ದು?" ಎಂದರು. ಹೇಳಿದ. "ನಾನು ಮದುವೆಗೆ ಹಾಸನಕ್ಕೆ ಬಂದಿದ್ದೀನಪ್ಪ," ಎಂದು ಇಟ್ಟರು.

ಸಂಜೆಯ ಹೊತ್ತಿಗೆ ಅತ್ತೆ ಅಳಿಯಂದಿರಲ್ಲಿ ಒಂದು ರಾಜಿಯಾಯಿತು. ಹುಳು ಎತ್ತುವ ಹಾಗಿಲ್ಲ. ಆದರೆ ಚಂದ್ರಿಕೆಯನ್ನು ಹೇಗೂ ಗೋಡೆಗೆ ಓರೆಯಾಗಿ ನಿಲ್ಲಿಸುವ ವಾಡಿಕೆ ಇದೆಯಲ್ಲ, ಹಾಗೆ ಹಲಗೆಗಳನ್ನು ಹುಳುಸಮೇತ ನಾಲ್ಕೂ ಗೋಡೆಗೆ ನಿಲ್ಲಿಸಬಹುದು. ಇಬ್ಬರೂ ಎರಡು ತುದಿ ಹಿಡಿದು, ತುಂಬಿದ ಪಾಯಸದ ಪಾತ್ರೆ ಸಾಗಿಸುವವರಂತೆ ಒಂದೊಂದೇ ಹಲಗೆ ಎತ್ತಿದರು. ಕೆಂಚಮ್ಮ ಪ್ರತಿ ಹಲಗೆಗೂ, "ಮೆಲ್ಲಗೆ ಕಣ್ಲಾ, ನಿಂಗೆ ಹುಡ್ಗಿ ಸಿಗ್ದಿರೋದು ಈ ಒರಟುತನಕ್ಕೇಯ," ಅಂದಳು. ನಲವತ್ತೆಂಟು ಸಲ ಅಂದಳು.

ಮಾರನೆಯ ದಿನ ಹತ್ತು ಗಂಟೆಗೆ ಪ್ರೊಫೆಸರ್ ಮುಕ್ತಿಯಾರ್ ಬಂದರು. ಹೊರಗಿನ ಪರೀಕ್ಷಕರೆಂದರೆ ಅವರೇ. ಈ ವರೆಗೆ ಏಳು ಪ್ರಬಂಧ ವಾಪಸು ಕಳಿಸಿದ್ದರು. ಒಂದನ್ನು ಅಂಚಿನ ಅಳತೆ ಸರಿಯಿಲ್ಲವೆಂದು, ಇನ್ನೊಂದನ್ನು ಕಾರಣ ಹೇಳದೆ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಬೂಟು, ಮೈಗೆ ಅತ್ತರು. ಕಾರಿನಿಂದ ಇಳಿದು ಸುತ್ತ ಬಂಡೆಗಳನ್ನೊಮ್ಮೆ ನೋಡಿ, "ಲ್ಯಾಬ್ ಎಲ್ಲಿ?" ಎಂದರು.

ಕಬ್ಬಾಳೇಗೌಡ ರಾತ್ರಿಯಿಡೀ ಬಾಯಿಪಾಠ ಮಾಡಿದ್ದ ಸ್ವಾಗತದ ಮಾತು ಶುರುಮಾಡುವ ಮೊದಲೇ ಕೆಂಚಮ್ಮ ಅಡ್ಡ ಬಂದು ಮೂಗೆಳೆದುಕೊಂಡಳು.

"ಸಾಹೇಬ್ರು ಅತ್ತರು ಹಾಕಂಡವ್ರೆ. ಹಿಂಗೇ ಒಳೀಕ್ ಹೋದ್ರೆ ಹುಳ ನೂಲು ನಿಲ್ಲುಸ್ಬುಡ್ತವೆ. ಹಂಡೇಲಿ ಬಿಸಿನೀರೈತೆ, ಎರಡು ಚೊಂಬು ಹುಯ್ಕಳಿ."

ಕಬ್ಬಾಳೇಗೌಡನ ಕಣ್ಣ ಮುಂದೆ ಎಂಟನೆಯ ಪ್ರಬಂಧ ಹಾರಿಹೋಯಿತು. ಆದರೆ ಪ್ರೊಫೆಸರು ಕೆಂಚಮ್ಮನನ್ನೊಮ್ಮೆ ನೋಡಿ ಬೂಟಿನ ಲಾಡಿ ಬಿಚ್ಚಿದರು. ಹತ್ತು ನಿಮಿಷದಲ್ಲಿ ಮಾವ ಸಿದ್ದಯ್ಯನ ಪಂಚೆ ಉಟ್ಟು, ಸಿದ್ದಯ್ಯನದೇ ಬನಿಯನ್ ತೊಟ್ಟು ಬಚ್ಚಲಿಂದ ಬಂದರು. ಬಾಗಿಲ ಹತ್ತಿರ ಸುಣ್ಣದ ನೀರಿನ ಬಕೆಟ್ಟು ಕಂಡದ್ದೇ, ಯಾರೂ ಹೇಳದೆ, ಕಾಲು ಅದ್ದಿ ಬೆರಳ ಸಂದಿಗಳನ್ನೆಲ್ಲ ಉಜ್ಜಿ ಉಜ್ಜಿ ತೊಳೆದರು. ಇದು ಕಬ್ಬಾಳೇಗೌಡನಿಗೆ ವಿಚಿತ್ರವೆನಿಸಿತು. ಆದರೆ ಆ ಬೆಳಿಗ್ಗೆ ವಿಚಿತ್ರಕ್ಕೆ ಬಿಡುವಿರಲಿಲ್ಲ.

ಒಳಗೆ ಮಬ್ಬು. ನಾಲ್ಕೂ ಗೋಡೆಯಿಂದ ಜಿಟಿಜಿಟಿ ಎನ್ನುವ ಸಣ್ಣ ಸದ್ದು. ನಡುವೆ ಹುಸೇನ್ ಸಾಬರ ಕೆಂಪು ಹಸಿರು ಸ್ಟ್ಯಾಂಡು, ಅದರ ತುದಿಯಲ್ಲಿ ಹಿತ್ತಾಳೆಯ ಲಾಳಿಕೆ, ಎದುರಿಗೆ ಅದು ಬಿಟ್ಟ ಅಲೆಯನ್ನು ಹಿಡಿದು ಅಳೆಯುವ ಯಂತ್ರ.

"ಇದೇನು?" ಪ್ರೊಫೆಸರು ಪಿಸುಗುಟ್ಟಿದರು.

"ಅಬ್ಸಾರ್ಬರ್ ಸಾರ್."

"ಅದರ ಮೇಲೆ?"

"ಹುಳ ಸಾರ್."

"ಪ್ರಬಂಧದಲ್ಲಿ ಬರೆದಿದ್ದೀರಾ?"

"ಇಲ್ಲ ಸಾರ್. ನಿನ್ನೆ ಬಂದವು."

ಪ್ರೊಫೆಸರು ತಲೆದೂಗಿದರು, ರೈಲು ತಡವಾಗಿದೆ ಎಂದು ಕೇಳಿದವರಂತೆ. "ಹಾಕಿ ಯಂತ್ರ."

ಹಾಕಿದ. ಪರದೆಯ ಮೇಲೆ ಹಸಿರು ಗೆರೆ ಮೂಡಿತು. ಗೆರೆ ನೆಟ್ಟಗೆ ನಿಲ್ಲಬೇಕಿತ್ತು. ಅದು ಬಿಸಿ ದೋಸೆಯ ಮೇಲಿನ ಬೆಣ್ಣೆಯಂತೆ ಅತ್ತಿತ್ತ ಸರಿಯಿತು. ಹುಳುಗಳು ಸುಮ್ಮನಿದ್ದರೆ ತಾನೆ. ಒಂದೊಂದೂ ತನ್ನ ತೆಳ್ಳನೆಯ ಗೂಡಿನೊಳಗೆ ತಲೆಯನ್ನು ಆಚೆ ಈಚೆ ಆಡಿಸುತ್ತ ನೂಲು ಬಿಡುತ್ತಿತ್ತು. ಒಂಬತ್ತು ಸಾವಿರ ತಲೆ. ಒಂದೊಂದು ತಲೆಗೂ ತಾಗಿ ಒಂದಿಷ್ಟು ಅಲೆ ವಾಪಸು.

ಕಬ್ಬಾಳೇಗೌಡ ಗೋಡೆಗೆ ಒರಗಲು ಹೋಗಿ, ಗೋಡೆಯಲ್ಲಿ ಹುಳು ಇರುವುದು ನೆನಪಾಗಿ, ಸುಮ್ಮನೆ ನಿಂತ.

"ಒಟ್ಟು ಎಷ್ಟು ಕೋನ?" ಎಂದರು ಪ್ರೊಫೆಸರು.

"ಎಪ್ಪತ್ತೆರಡು ಸಾರ್. ಐದೈದು ಡಿಗ್ರಿಗೊಂದು."

"ಒಂದೊಂದರಲ್ಲೂ ಐದು ನಿಮಿಷ ನಿಲ್ಲಿ. ಅಷ್ಟೂ ಹೊತ್ತಿನ ಸರಾಸರಿ ತಗೊಳ್ಳಿ. ಅಲ್ಲಾಡೋದು ಒಂದನ್ನೊಂದು ಅಳಿಸಿಕೊಳ್ಳುತ್ತೆ, ನಿಂತದ್ದು ಉಳಿಯುತ್ತೆ. ಹಾರ್ನ್ ನಿಜವಾಗಿ ಚೆನ್ನಾಗಿದ್ದರೆ ಕಾಣುತ್ತೆ. ಇಲ್ಲದಿದ್ದರೆ ಅದೂ ಕಾಣುತ್ತೆ."

"ಆರು ಗಂಟೆ ಹಿಡಿಯುತ್ತೆ ಸಾರ್."

"ನನಗೆ ಬೇರೆ ಕೆಲಸ ಏನಿದೆ? ಬಟ್ಟೆಯೂ ಇಲ್ಲ." ಪಂಚೆ ಎತ್ತಿ ಕಟ್ಟಿ ಮೂಲೆಯ ಮಣೆಯ ಮೇಲೆ ಕೂತರು.

ಹೀಗೆ ಅಳತೆ ಶುರುವಾಯಿತು. ಸ್ಟ್ಯಾಂಡು ಒಂದು ಚೂರು ತಿರುಗಿಸುವುದು, ಐದು ನಿಮಿಷ ಉಸಿರು ಹಿಡಿದು ಕೂರುವುದು, ಬರೆದುಕೊಳ್ಳುವುದು. ಹತ್ತು ಕೋನ ಆಯಿತು, ಇಪ್ಪತ್ತಾಯಿತು. ಬರೆದ ಅಂಕಿಗಳು ಪ್ರಬಂಧದ ಅಂಕಿಗಳ ಪಕ್ಕದಲ್ಲೇ ಬಂದು ಕೂರುತ್ತಿದ್ದವು. ಕಬ್ಬಾಳೇಗೌಡನಿಗೆ ಬೆನ್ನು ಸ್ವಲ್ಪ ನೆಟ್ಟಗಾಯಿತು.

ಮೂವತ್ತೊಂದನೆಯ ಕೋನದಲ್ಲಿ ಗೆರೆ ಕುಸಿಯಿತು. ಮೊದಲು ನಿಧಾನವಾಗಿ, ಆಮೇಲೆ ಬಾವಿಗೆ ಬಿದ್ದ ಕೊಡದ ಹಾಗೆ. ತಂತಿ ನೋಡಿದ, ಸರಿಯಿತ್ತು. ಯಂತ್ರ ನೋಡಿದ, ಸರಿಯಿತ್ತು. ಪ್ರೊಫೆಸರು ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡರು. ಆ ಪೆನ್ನಿನ ಸದ್ದು ಅವನಿಗೆ ಒಂಬತ್ತು ಸಾವಿರ ಹುಳುವಿನ ಸದ್ದಿಗಿಂತ ಜೋರಾಗಿ ಕೇಳಿಸಿತು. ಆರು ವರ್ಷ, ಹದಿನಾಲ್ಕು ಗೀರು, ತಿಪ್ಪಸಂದ್ರದ ಉಪ್ಪಿಟ್ಟು, ಎಲ್ಲ ಒಟ್ಟಿಗೆ ನೆನಪಾಯಿತು.

ಬಾಗಿಲಲ್ಲಿ ಕೂತಿದ್ದ ಕೆಂಚಮ್ಮ ಎದ್ದು ಬಂದು, ಸೆರಗು ಸಿಕ್ಕಿಸಿ, ಲಾಳಿಕೆಯ ಬಾಯಿಗೆ ಕಣ್ಣಿಟ್ಟಳು. "ಇಲ್ಲೊಬ್ಬ ಸೇರ್ಕಂಡವ್ನೆ."

ನಿಜ. ಹಲಗೆಯಿಂದ ಇಳಿದ ಒಂದು ಹುಳು ಹುಸೇನ್ ಸಾಬರ ಕೆಂಪು ಹಸಿರು ಪಟ್ಟೆಗಳನ್ನು ಏರಿ, ಹದಿನಾಲ್ಕು ಗೀರುಗಳ ಲಾಳಿಕೆಯೊಳಗೆ ಸುರುಳಿ ಸುತ್ತಿ, ತನಗೆಂದೇ ಕಟ್ಟಿಸಿದ ಮನೆ ಎಂಬಂತೆ ಕೂತಿತ್ತು.

"ಗೂಡು ಶುರು ಮಾಡಿದೆಯಾ?" ಎಂದ ಕಬ್ಬಾಳೇಗೌಡ. ಶುರು ಮಾಡಿದ್ದರೆ ಐದು ದಿನ. ಅತ್ತೆಯ ಕಾನೂನು ಅವನಿಗೆ ಗೊತ್ತಿತ್ತು.

ಕೆಂಚಮ್ಮ ನೋಡಿದಳು. ಬಹಳ ಹೊತ್ತು ನೋಡಿದಳು. ಪ್ರೊಫೆಸರೂ ಎದ್ದು ಬಂದು ಪಂಚೆ ಹಿಡಿದುಕೊಂಡು ಇಣುಕಿದರು.

"ಇನ್ನೂ ಜಾಗ ನೋಡ್ತಾವ್ನೆ," ಎಂದಳು ಕೆಂಚಮ್ಮ ಕೊನೆಗೆ. ಕಿರುಬೆರಳು ಹಾಕಿ, ಕೂಸಿನ ಬಾಯಿಂದ ಬೆಲ್ಲದ ಚೂರು ತೆಗೆಯುವ ನಯದಲ್ಲಿ ಹೊರತೆಗೆದಳು. ಗೆರೆ ಮತ್ತೆ ಮೇಲಕ್ಕೆ ಬಂದು ನಿಂತಿತು.

ಪ್ರೊಫೆಸರು ಆ ಹುಳುವನ್ನು ಅವಳ ಕೈಯಿಂದ ತಮ್ಮ ಅಂಗೈಗೆ ಇಳಿಸಿಕೊಂಡು, ಬೆಳಕಿಗೆ ಹಿಡಿದರು. "ಮಿಶ್ರ ತಳಿ. ಚೆನ್ನಾಗಿ ಹಣ್ಣಾಗೈತೆ," ಅಂದರು.

ಕಬ್ಬಾಳೇಗೌಡ ಪುಸ್ತಕದಿಂದ ತಲೆ ಎತ್ತಿದ. ಐತೆ ಅಂದರೇ? ಇವರು?

ಕೆಂಚಮ್ಮನ ಕಣ್ಣು ಕಿರಿದಾಯಿತು. "ಸಾಹೇಬ್ರದ್ದು ಯಾವೂರು?"

"ರಾಮನಗರಾನೇ ಕಣಮ್ಮ. ನಮ್ಮಪ್ಪಂದು ನೂಲು ಬಿಚ್ಚೋ ಚರಕ ಇತ್ತು. ರಸೂಲ್ ಸಾಬ್ ಅಂತ."

"ರಸೂಲ್ ಸಾಬ್ರಾ," ಎಂದಳು ಕೆಂಚಮ್ಮ, ಹಳೆಯ ಹಲ್ಲುನೋವು ನೆನಪಾದವಳಂತೆ. "ಗೂಡಿನ ಮಾರ್ಕೆಟ್ಟಲ್ಲಿ ಗೂಡು ಕಿವಿ ತಾವ ಇಟ್ಕಂಡು ಅಲ್ಲಾಡ್ಸಿ, 'ಸತ್ತೋಗವೆ' ಅನ್ನೋರು. ನಮ್ಮ ಅತ್ತೆ ಆಗ ಗೂಡು ತಕಂಡು ಹೋಗೋರು. ಮನೇಗೆ ಬಂದು ಎರಡು ದಿನ ಊಟ ಬುಡೋರು."

"ಯಾಕಂದ್ರೆ ನೀವು ಮೂರನೇ ದಿನಕ್ಕೇ ಕಿತ್ಕಂಡು ಹಸಿ ಗೂಡು ತರ್ತಿದ್ರಿ," ಎಂದರು ಪ್ರೊಫೆಸರು. "ಒಳಗೆ ಹುಳ ಇನ್ನೂ ನೂಲು ಬಿಡ್ತಿರೋದು. ತೂಕ ಬರ್ಲಿ ಅಂತ. ನಮ್ಮಪ್ಪ ಬೇಯಿಸಿ ಎಳೆ ಹಿಡಿದ್ರೆ ಅರ್ಧಕ್ಕೇ ತುಂಡು."

"ನಾವು ಹಸಿ ತಂದೋರಲ್ಲ. ನಮ್ಮ ವಂಶದಲ್ಲೇ ಇಲ್ಲ."

"ಎಲ್ರೂ ಹಂಗೇ ಅನ್ನೋರು."

"ನಿಮ್ಮಪ್ಪಾರ ಕಿವೀಲಿ ಏನಿತ್ತು, ತಕ್ಕಡಿಯಾ?"

ಹುಳುಮನೆಯಲ್ಲಿ ಗಟ್ಟಿ ಮಾತು ಕೂಡದು. ಆದ್ದರಿಂದ ಈ ಜಗಳ ಪೂರ್ತಿ ಪಿಸುಮಾತಿನಲ್ಲೇ ನಡೆಯಿತು. ಮೂವತ್ತೆರಡನೆಯ ಕೋನದಿಂದ ಐವತ್ತನೆಯ ಕೋನದವರೆಗೆ ನಡೆಯಿತು. ನಡುವೆ ಹಿತ್ತಲಲ್ಲಿ ರಾಗಿ ಮುದ್ದೆ, ಹುರುಳಿ ಸಾರು. ಪ್ರೊಫೆಸರು ಎರಡು ಮುದ್ದೆ ನುಂಗಿ, ಕೈ ತೊಳೆದು, ಮತ್ತೆ ಒಳಗೆ ಬಂದು ಬಿಟ್ಟಲ್ಲಿಂದಲೇ ಜಗಳ ಮುಂದುವರಿಸಿದರು. ಸಿದ್ದಯ್ಯ ಟಿವಿಎಸ್ ಮೇಲೆ ಎರಡೇ ಎರಡು ಚಂದ್ರಿಕೆ ಕಟ್ಟಿಕೊಂಡು ಬಂದವನು, ತನ್ನ ಪಂಚೆಯಲ್ಲಿ ಯಾರೋ ಅಪರಿಚಿತರು ತನ್ನ ಹೆಂಡತಿಯ ಜೊತೆ ಕಿವಿಗೆ ಬಾಯಿ ಹಚ್ಚಿ ಮಾತಾಡುವುದನ್ನು ಬಾಗಿಲಿಂದ ನೋಡಿ, ಸ್ವಲ್ಪ ಹೊತ್ತು ಯೋಚಿಸಿ, ಮತ್ತೆ ಚಂದ್ರಿಕೆ ಹುಡುಕಲು ಹೋದ.

ಕಬ್ಬಾಳೇಗೌಡ ಮಾತ್ರ ಲೆಕ್ಕ ತಪ್ಪದೆ ಸ್ಟ್ಯಾಂಡು ತಿರುಗಿಸುತ್ತಿದ್ದ. ಐವತ್ತೆಂಟು. ಅರವತ್ತು. ಜಗತ್ತಿನಲ್ಲಿ ಅವನಿಗೆ ಬೇಕಾದದ್ದು ಇನ್ನು ಹನ್ನೆರಡೇ ಅಂಕಿ.

ಅರವತ್ತೊಂದರ ಹೊತ್ತಿಗೆ ಪ್ರೊಫೆಸರು ಜಗಳ ನಿಲ್ಲಿಸಿ ಪರದೆಯ ಹತ್ತಿರ ಬಂದರು. ಗೆರೆ ನೋಡಿದರು. ಬೆಳಿಗ್ಗೆಯ ಗೆರೆಯನ್ನು ಯಂತ್ರದಿಂದ ತೆಗೆಸಿ ಪಕ್ಕದಲ್ಲಿಟ್ಟು ನೋಡಿದರು. ಬೆಳಿಗ್ಗೆ ಗೆರೆಯ ನಡುಕ ಇಷ್ಟಗಲ ಇತ್ತು. ಈಗ ಅದರ ಮುಕ್ಕಾಲು. "ಆ ಕಡೆ ಗೋಡೆಯವನ್ನ ಯಾವಾಗ ಬಿಟ್ಟಿರಿ?" ಎಂದು ಕೆಂಚಮ್ಮನನ್ನು ಕೇಳಿದರು.

"ಅವೇ ಮೊದ್ಲು. ನಿನ್ನೆ ಬೆಳಿಗ್ಗೆ. ಈ ಕಡೆಯವು ಮಧ್ಯಾಹ್ನ."

ಪ್ರೊಫೆಸರು ಲಾಳಿಕೆಯನ್ನು ಆ ಕಡೆಗೆ ತಿರುಗಿಸಿ ನೋಡಿದರು, ಈ ಕಡೆಗೆ ತಿರುಗಿಸಿ ನೋಡಿದರು. ಆ ಕಡೆ ನಡುಕ ಕಮ್ಮಿ, ಈ ಕಡೆ ಜಾಸ್ತಿ. ಬೆಳಿಗ್ಗೆಯಿಂದ ಮೊದಲ ಸಲ ಅವರ ಮುಖದಲ್ಲಿ ನಗುವಿನಂಥದ್ದೊಂದು ಕಂಡಿತು. ಕಬ್ಬಾಳೇಗೌಡನಿಗೆ ಅದು ಒಳ್ಳೆಯ ಸೂಚನೆ ಅನಿಸಲಿಲ್ಲ. ಪ್ರೊಫೆಸರಿಗೆ ಹೊಸ ಯೋಚನೆ ಬಂದರೆ ವಿದ್ಯಾರ್ಥಿಗೆ ವಯಸ್ಸಾಗುತ್ತದೆ ಎಂದು ಅವನು ಕಲಿತಿದ್ದ. ಬೇಗ ಬೇಗ ಲಾಳಿಕೆಯನ್ನು ಅರವತ್ತೆರಡಕ್ಕೆ ತಂದು ನಿಲ್ಲಿಸಿದ.

ಐದು ಗಂಟೆಗೆ ಎಪ್ಪತ್ತೆರಡು ಮುಗಿಯಿತು. ಅಂಕಿಗಳನ್ನೆಲ್ಲ ಜೋಡಿಸಿ ಯಂತ್ರ ಚಿತ್ರ ಬರೆಯಿತು. ಎದುರಿಗೆ ನೀಳವಾದ ಒಂದು ದಳ. ಅಕ್ಕಪಕ್ಕಕ್ಕೆ ಬರೀ ಶಾಸ್ತ್ರಕ್ಕೆಂಬಂತೆ ಎರಡು ಚುಕ್ಕಿ. ಸೋರಿಕೆ ಇರಲಿಲ್ಲ. ಪ್ರಬಂಧದ ಚಿತ್ರದ ಮೇಲೆ ಇದನ್ನಿಟ್ಟರೆ ಅಂಚಿಗೆ ಅಂಚು ಕೂತಿತು.

ಮೂವರೂ ಹೊರಗೆ ಜಗಲಿಗೆ ಬಂದರು. ಪ್ರೊಫೆಸರು ಕೆಂಚಮ್ಮ ಕೊಟ್ಟ ಕಾಫಿ ಕುಡಿದು, ಸಹಿಯ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು, ಪೆನ್ನಿನ ಮುಚ್ಚಳ ತೆಗೆದರು. ಕಬ್ಬಾಳೇಗೌಡ ಪೆನ್ನಿನ ಮೂತಿಯನ್ನೇ ನೋಡುತ್ತ ನಿಂತ. ಅದು ಕಾಗದದಿಂದ ಒಂದು ಅಂಗುಲ ಮೇಲೆ ನಿಂತಿತ್ತು.

"ನಿಮ್ಮ ಹಾರ್ನ್ ಸರಿಯಿದೆ," ಎಂದರು ಪ್ರೊಫೆಸರು. "ನಾನು ಸಹಿ ಹಾಕಬಹುದು. ನಿಮಗೆ ಡಿಗ್ರಿ ಬರುತ್ತೆ. ಪ್ರಬಂಧ ಲೈಬ್ರರಿಗೆ ಹೋಗುತ್ತೆ, ಅದನ್ನ ನಿಮ್ಮ ಗೈಡೂ ಓದಲ್ಲ."

"ಹೌದು ಸಾರ್."

"ಆದರೆ ಒಳಗೆ ನೋಡಿದಿರಲ್ಲ. ನೂಲು ಮುಗಿಸಿದ ಹುಳ ಯಾವುದು, ಇನ್ನೂ ಬಿಡ್ತಿರೋದು ಯಾವುದು ಅಂತ ಗೂಡು ಒಡೆಯದೆ, ಮುಟ್ಟದೆ, ನಿಮ್ಮ ಹಾರ್ನ್ ಹೇಳುತ್ತೆ. ನಮ್ಮಪ್ಪ ನಲವತ್ತು ವರ್ಷ ಕಿವಿಗೆ ಇಟ್ಟುಕೊಂಡು ಕೇಳ್ತಿದ್ದದ್ದು ಇದನ್ನೇ. ಮಾರ್ಕೆಟ್ಟಿನ ಜಗಳಾನೇ ಮುಗಿದುಹೋಗುತ್ತೆ. ಇದು ಸಂಶೋಧನೆ." ಅವರು ಪಂಚೆ ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು. "ಇವತ್ತು ನಾನು ಸಹಿ ಹಾಕದೆ, ವಿಶೇಷ ಪ್ರಕರಣ ಅಂತ ಬರೆದುಕೊಡ್ತೀನಿ. ವಿಷಯ ಬದಲಾಯಿಸಿ. ಇನ್ನೆರಡು ವರ್ಷ, ಹೆಚ್ಚೆಂದರೆ ಮೂರು. ಫೆಲೋಶಿಪ್ ನಾನೇ ಕೊಡಿಸ್ತೀನಿ. ನನ್ನ ಯಂತ್ರ, ನನ್ನ ಲ್ಯಾಬು ನಿಮ್ಮದೇ. ಜಪಾನಿಗೆ ಹೋಗಿ ಓದಿ ಬರಬಹುದು ಈ ಪೇಪರನ್ನ. ನನಗೆ ಇಂಥದ್ದು ಯಾರೂ ಕೊಟ್ಟಿರಲಿಲ್ಲ."

ಅವರು ಮನಸಾರೆ ಹೇಳುತ್ತಿದ್ದರು. ಅದು ಕಬ್ಬಾಳೇಗೌಡನಿಗೂ ಗೊತ್ತಾಯಿತು. ಅದಕ್ಕೇ ಇನ್ನಷ್ಟು ಹೆದರಿಕೆಯಾಯಿತು.

"ಒಪ್ಕಳ್ಲಾ," ಎಂದಳು ಕೆಂಚಮ್ಮ, ಲೋಟ ಎತ್ತಿಕೊಳ್ಳುತ್ತ. ಬೆಳಿಗ್ಗೆಯಿಂದ ಜಗಳವಾಡಿದವಳು ಈಗ ಪೂರ್ತಿ ರಸೂಲ್ ಸಾಬರ ಮಗನ ಪಾರ್ಟಿ. "ಸಾಹೇಬ್ರು ಇಷ್ಟು ಹೇಳ್ತಾವ್ರೆ. ಆ ಕರಿ ನೇತ್ರಿಕೆನೂ ಇಲ್ಲೇ ಇರ್ತವೆ. ಮುಂದ್ಲ ಬೆಳೇಗೆ ಇನ್ನೊಂದು ಐವತ್ತು ತರ್ಸು. ರೂಮು ನಿಂದೇ, ಮುದ್ದೆ ಸಾರು ನಂದು. ಇನ್ನೇನ್ಲಾ ಬೇಕು?"

ಇಬ್ಬರೂ ಅವನ ಮುಖ ನೋಡಿದರು. ಪೆನ್ನು ಹಾಗೇ ಗಾಳಿಯಲ್ಲಿತ್ತು.

"ಬೇಡ ಸಾರ್," ಎಂದ ಕಬ್ಬಾಳೇಗೌಡ. "ಸಹಿ ಹಾಕಿಬಿಡಿ, ಇವತ್ತಿಗೆ ಮುಗೀತದೆ ಅಂತ ಹುಸೇನ್ ಸಾಬರಿಗೆ ಹೇಳಿ ಬಂದಿದ್ದೀನಿ."